ಹೊರರಾಜ್ಯದಲ್ಲಿ ಓದು: ಫೀಸು ಮೊದಲು, ಸ್ಕಾಲರ್‌ಶಿಪ್ ಆಮೇಲೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೈದರಾಬಾದ್, ಪುದುಚೇರಿ, ಕಾಸರಗೋಡಿನ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೊರಟವರು ಮೊದಲು ತಿಳಿಯಬೇಕಾದ್ದು ಇದು: ಸೀಟು ಸಿಕ್ಕ ಕೆಲವೇ ದಿನದಲ್ಲಿ ಫೀಸು ಕಟ್ಟಬೇಕು, ಸ್ಕಾಲರ್‌ಶಿಪ್ ಖಾತೆಗೆ ಬೀಳಲು ತಿಂಗಳುಗಟ್ಟಲೆ ಕಾಯಬೇಕು. ಮೊದಲ ಸೆಮಿಸ್ಟರ್ ಫೀಸು, ಹಾಸ್ಟೆಲ್ ಠೇವಣಿ, ಮೆಸ್ ಮುಂಗಡ, ರೈಲು ಖರ್ಚು ಇಷ್ಟನ್ನು ಪಿಯುಸಿ ಪರೀಕ್ಷೆಗೆ ಮುಂಚೆಯೇ ಲೆಕ್ಕ ಹಾಕಿ. ಕೇಂದ್ರೀಯ ವಿ.ವಿ.ಗಳಲ್ಲಿ ಎಲ್ಲ ರಾಜ್ಯದವರಿಗೂ ಒಂದೇ ಫೀಸು. ಬೇರೆ ರಾಜ್ಯ ಸರ್ಕಾರಗಳ ವಿ.ವಿ.ಗಳಲ್ಲಿ ಹೊರಗಿನವರಿಗೆ ಹೆಚ್ಚು ಹಾಕುವುದುಂಟು. ಹಾಗಾಗಿ ಸಿಯುಇಟಿ (ಕೇಂದ್ರೀಯ ವಿ.ವಿ.ಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದು ಕೇಂದ್ರೀಯ ವಿ.ವಿ.ಗಳನ್ನೇ ಮೊದಲು ನೋಡಿ.

ಎಡವುವುದೆಲ್ಲ ಕಾಗದಪತ್ರದಲ್ಲಿ. ನಾಡಕಚೇರಿಯ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ಮೀಸಲಾತಿಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪತ್ರ ಮಾಡಿಸಿ. ಪಟ್ಟಿಯಲ್ಲಿ ಇಲ್ಲದವರಿಗೆ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ದಾರಿಯಿದೆ: ಕುಟುಂಬದ ಆದಾಯ 8 ಲಕ್ಷದೊಳಗೆ, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಈ ನಿಯಮಕ್ಕೆ ಖುಷ್ಕಿ, ನೀರಾವರಿ ಎಂಬ ಭೇದವಿಲ್ಲ. ಜಗಳೂರು, ಚಳ್ಳಕೆರೆ ಕಡೆ ಮಳೆ ನಂಬಿದ ಆರು ಎಕರೆ ಹೊಲದವರು ಇದರಿಂದ ಹೊರಗುಳಿಯುತ್ತಾರೆ. ನಮ್ಮ ಪ್ರಕಾರ ಇದು ಅನ್ಯಾಯ, ಆದರೆ ಸದ್ಯಕ್ಕೆ ನಿಯಮ ಹೀಗೇ ಇದೆ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ’, ಆಧಾರ್‌ನಲ್ಲಿ ‘ಟಿ ಮಂಜುನಾಥ’, ಪಾಸ್‌ಬುಕ್‌ನಲ್ಲಿ ‘ಮಂಜುನಾಥ ತಿಪ್ಪೇಸ್ವಾಮಿ’. ನಮಗೆ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂರು ಜನ. ಅಂಕಪಟ್ಟಿಯಂತೆಯೇ ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು, ‘ಎನ್‌ಪಿಸಿಐ ಸೀಡಿಂಗ್ ಯಾವ ಖಾತೆಗಿದೆ’ ಎಂದು ಕೇಳಿ. ಸೀಡಿಂಗ್ ಎಂದರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಯಾವ ಖಾತೆಗೆ ಬೀಳಬೇಕೆಂದು ಬ್ಯಾಂಕುಗಳ ನಡುವಿನ ಪಾವತಿ ಸಂಸ್ಥೆಯಾದ ಎನ್‌ಪಿಸಿಐನಲ್ಲಿ ಗುರುತು ಹಾಕುವುದು. ಕೊನೆಯದಾಗಿ ಸೀಡ್ ಆದ ಖಾತೆಗೇ ದುಡ್ಡು ಹೋಗುವುದು. ಕೆವೈಸಿ (ಗುರುತು, ವಿಳಾಸದ ದಾಖಲೆ) ಪೂರ್ತಿಯಾಗದ ಸಣ್ಣ ಖಾತೆಯಾದರೆ ಅದರಲ್ಲಿರುವ ಹಣ 50,000 ರೂ. ದಾಟುವಂತಿಲ್ಲ, ಸರ್ಕಾರಿ ನೆರವಿನ ಜಮೆಗೆ ಮಾತ್ರ ಈ ಮಿತಿ ಇಲ್ಲ.

ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಹೊರರಾಜ್ಯದಲ್ಲಿ ಓದಿದರೂ ಸಿಗುತ್ತದೆ. ಕೊಡಬೇಕಾದ್ದು ಓದುವ ರಾಜ್ಯವಲ್ಲ, ಕರ್ನಾಟಕ. ಆದಾಯ ಮಿತಿ 2.5 ಲಕ್ಷ. ಸೀಟು ಖಚಿತವಾದ ವಾರವೇ ಜಿಲ್ಲೆಯ ಸಮಾಜ ಕಲ್ಯಾಣ ಇಲಾಖೆಗೆ ಹೋಗಿ, ಹೊರರಾಜ್ಯದ ಕಾಲೇಜಿಗೆ ಅರ್ಜಿ ಹಾಕುವ ಕ್ರಮ ಕೇಳಿಕೊಳ್ಳಿ. ರಾಜ್ಯದ ಪಾಲು ಶೇ 40, ಕೇಂದ್ರದ್ದು ಶೇ 60. ಎರಡೂ ಬೇರೆ ಬೇರೆ ದಿನ ಬರುತ್ತವೆ, ಮೊದಲ ಕಂತು ನೋಡಿ ಇಷ್ಟೇ ಎಂದುಕೊಳ್ಳಬೇಡಿ. ಅದರಲ್ಲಿ ಫೀಸಿನ ಭಾಗವೂ ಸೇರಿರುತ್ತದೆ, ಮನೆ ಖರ್ಚಿಗೆ ತೆಗೆದರೆ ಕಾಲೇಜಿನ ಬಾಕಿ ಹಾಗೇ ಉಳಿಯುತ್ತದೆ.

ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇ 20ರೊಳಗೆ ಬಂದು, ಆದಾಯ 4.5 ಲಕ್ಷ ಮೀರದವರು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕೇಂದ್ರ ವಲಯದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000 ರೂ. ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇದಿಲ್ಲ. ಮುಂದಿನ ವರ್ಷಕ್ಕೂ ಬೇಕಾದರೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು.

ಇಷ್ಟರಲ್ಲೂ ಸಾಲದಿದ್ದರೆ ಬ್ಯಾಂಕ್ ಸಾಲ. 4 ಲಕ್ಷದವರೆಗೆ ಅಡಮಾನವಿಲ್ಲ, ಕೈಯಿಂದ ಪಾಲು ಹಾಕಬೇಕಾಗಿಲ್ಲ. ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯಿದ್ದರೆ ಅಡಮಾನವೂ ಬೇಡ, ಜಾಮೀನುದಾರನೂ ಬೇಡ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಶೇ 3 ಬಡ್ಡಿ ಸಹಾಯಧನ. ತಂದೆಯ ಬೆಳೆ ಸಾಲ ಸುಸ್ತಿಯಾಗಿದ್ದರೆ ಬ್ಯಾಂಕಿನವರು ತಕರಾರು ತೆಗೆಯುತ್ತಾರೆ, ಆಗ ತಾಯಿಯನ್ನು ಸಹ-ಸಾಲಗಾರರಾಗಿ ಹಾಕಬಹುದೇ ಕೇಳಿ. ಅರ್ಜಿ ತಿರಸ್ಕರಿಸಿದರೆ ಬಾಯಿಮಾತಿಗೆ ಎದ್ದು ಬರಬೇಡಿ, ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೇಲಿನ ಕಚೇರಿಗೆ ದೂರು ಕೊಡಲು ಆ ಕಾಗದ ಬೇಕಾಗುತ್ತದೆ.