33 ಕರೆಂಟಿಗೂ ಮೊಳಕೆ ರಾಗಿ ಗಂಜಿ: ನನ್ನ ಅನುಭವ

ಬಾಯಿ ಕ್ಯಾನ್ಸರಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ (ರೇಡಿಯೇಷನ್) ತೆಗೆದುಕೊಳ್ಳುವವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ಪೈಪಿನಲ್ಲಿ ರಾಗಿ ಗಂಜಿ ಕೊಡೋಣ ಅಂದಾಗ ನಮ್ಮ ಕೋಲಾರದ ವಾರ್ಡಿನಲ್ಲಿ ಯಾರೂ ಒಪ್ಪಲಿಲ್ಲ. ರಾಗಿ ಅಂದರೆ ಅಂಟು, ಪೈಪು ಕಟ್ಟಿಕೊಳ್ಳುತ್ತದೆ ಅಂದರು. ಮೊದಮೊದಲು ಕಟ್ಟಿಕೊಂಡಿದ್ದೂ ನಿಜ. ಈಗ ಕಟ್ಟುವುದಿಲ್ಲ.

ಹಟ ಹಿಡಿದದ್ದು ಯಾಕೆಂದರೆ, ಒಟ್ಟು 66 ಗ್ರೇ (ವಿಕಿರಣದ ಅಳತೆ) ಕರೆಂಟು, 33 ಸಿಟ್ಟಿಂಗ್ ಅಂದರೆ ಆರೂವರೆ ವಾರ. ಮೂರನೇ ವಾರಕ್ಕೆ ಬಾಯಿ ತುಂಬ ಹುಣ್ಣು, ಎಂಜಲು ನುಂಗಲೂ ಆಗದು. ತೂಕ ಇಳಿಯಿತೆಂದರೆ ಕೆನ್ನೆ ಬತ್ತಿ, ಕರೆಂಟು ಕೊಡುವಾಗ ತಲೆ ಅಲುಗದಂತೆ ಹಾಕುವ, ಮೊದಲ ದಿನ ಮೈಗಂಟಿದಂತೆ ಕೂತಿದ್ದ ಮಾಸ್ಕಿನೊಳಗೆ ಬೆರಳು ತೂರುವಷ್ಟು ಜಾಗವಾಗುತ್ತದೆ. ಮತ್ತೆ ಸಿಟಿ ಸ್ಕ್ಯಾನ್, ಕಿರಣ ಎಲ್ಲಿ ಬೀಳಬೇಕೆಂದು ಮತ್ತೆ ಪ್ಲಾನಿಂಗ್, ನಾಲ್ಕೈದು ದಿನ ಹೋಯಿತು. ಒಂದು ದಿನ ತಪ್ಪಿದರೆ ಗಡ್ಡೆಯ ಹತೋಟಿ ಶೇಕಡ 1ರಷ್ಟು ಕೈಜಾರುತ್ತದೆ ಎಂಬ ಲೆಕ್ಕವಿದೆ. ಕೀಮೋದ ಪಾಡೂ ಅದೇ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಮೈಯ ವಿಸ್ತೀರ್ಣದ ಚದರ ಮೀಟರಿಗೆ ವಾರಕ್ಕೆ 40 ಮಿ.ಗ್ರಾಂ.ನಂತೆ ಐದು ವಾರ ಹೋದರೆ ಗುರಿಯಾದ 200 ಮುಟ್ಟುತ್ತದೆ. ನೀರೇ ಇಳಿಯದವರಿಗೆ ಕಿಡ್ನಿ ಸೋತು ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಎರಡನೇ ಮೂರನೇ ಡೋಸಿಗೇ ನಿಲ್ಲುತ್ತದೆ.

ಗಂಜಿಯ ಬದಲು ಪೈಪಿಗೆ ಕೊಡುವ ಡಬ್ಬಿ ಪೌಡರು 400 ಗ್ರಾಂಗೆ ಸುಮಾರು 600 ರೂಪಾಯಿ. 50 ಕೆ.ಜಿ. ಇರುವವರಿಗೆ ದಿನಕ್ಕೆ 1500 ಕ್ಯಾಲರಿ ಬೇಕು, ಡಬ್ಬಿ ಒಂದೂಕಾಲು ದಿನಕ್ಕೆ ಖಾಲಿ. ಚಿಕಿತ್ಸೆಯ ಖರ್ಚು ಕಾರ್ಡಿನಲ್ಲಿ ಹೋದರೂ ಈ ಡಬ್ಬಿಗೆ ಕುರಿ ಮಾರಿದವರಿದ್ದಾರೆ. ನನ್ನ ಗಂಜಿಗೆ ದಿನಕ್ಕೆ 90 ರೂಪಾಯಿ ಆಸುಪಾಸು, ಅದರಲ್ಲಿ ಅರ್ಧ ಹಾಲಿಗೇ.

ಮೊದಲು ಹುರಿಹಿಟ್ಟು ಕಲಸಿ ಕೊಟ್ಟೆ. ಅರಳು ಹುರಿದ ರಾಗಿ ತಣ್ಣೀರಿಗೇ ಉಬ್ಬುತ್ತದೆ, ಸಿರಿಂಜಿನಲ್ಲೇ ಮುದ್ದೆಯಾಯಿತು. ಆಮೇಲೆ ಮೊಳಕೆ ಕಟ್ಟಿದೆ, ಆದರೆ ಘಮ ಬರಲೆಂದು ಕೆಂಪಗೆ ಹುರಿದೆ. ಗಂಜಿಯನ್ನು ನೀರಾಗಿಸುವುದು ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ. ಆ ಉರಿಗೆ ಅದು ಸತ್ತೇಹೋಗಿತ್ತು. ಮೂರನೇ ತಪ್ಪು, ಜರಡಿ. ತಂತಿ ಜರಡಿಯಲ್ಲಿ ಇಳಿದ ಸಿಪ್ಪೆ ಪೈಪಿನ ತುದಿಯ ತೂತಿನಲ್ಲಿ ಕೂತುಬಿಡುತ್ತದೆ. ಹಳೆ ಪಂಚೆಯಲ್ಲಿ ಎರಡು ಸಲ ಸೋಸಬೇಕು.

ಈಗ ಮಾಡುವುದು ಹೀಗೆ. ರಾಗಿ 12 ಗಂಟೆ ನೆನೆಸಿ, ಒಂದೂವರೆಯಿಂದ ಎರಡು ದಿನ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೇರು ತಿಕ್ಕಿ ತೆಗೆದು ಹಿಟ್ಟು ಮಾಡಿಸಿ. (ಚಳಿಗಾಲದಲ್ಲಿ ಬಟ್ಟೆಗಂಟನ್ನು ಎಲ್ಲಿಡಬೇಕು ಅನ್ನುವುದು ನನ್ನ ಗುಟ್ಟು, ಬಂದವರಿಗೆ ತೋರಿಸುತ್ತೇನೆ.) ಸಾದಾ ರಾಗಿ ಹಿಟ್ಟು 120 ಗ್ರಾಂ, ಹುರಿಗಡಲೆ ಪುಡಿ 60 ಗ್ರಾಂ ನೀರಿಗೆ ಹಾಕಿ ಗಟ್ಟಿ ಗಂಜಿ ಕಾಯಿಸಿ ಇಳಿಸಿ. ಪಾತ್ರೆ ಬೆರಳು ಮುಟ್ಟಿಸಿ ತಕ್ಷಣ ತೆಗೆಯುವಷ್ಟು ಬಿಸಿಗೆ ಬಂದಾಗ ಮೊಳಕೆ ಹಿಟ್ಟು 30 ಗ್ರಾಂ ಹಾಕಿ ತಿರುವಿ. ಹತ್ತು ನಿಮಿಷದಲ್ಲಿ ಸೌಟಿನಿಂದ ಮುದ್ದೆಮುದ್ದೆಯಾಗಿ ಬೀಳುತ್ತಿದ್ದದ್ದು ಮಜ್ಜಿಗೆಯಂತೆ ಧಾರೆ ಕಟ್ಟುತ್ತದೆ. ಮತ್ತೆ ಚೆನ್ನಾಗಿ ಕುದಿಸಲೇಬೇಕು. ಮೊಳಕೆ ಹಿಟ್ಟಿನಲ್ಲಿ ರೋಗಾಣು ಇರುತ್ತದೆ, ಕೀಮೋದಲ್ಲಿ ಬಿಳಿ ರಕ್ತಕಣ ಇಳಿದವರಿಗೆ ಸೋಂಕು ತಗಲಲು ಅದೇ ಸಾಕು. ಕಾಯಿಸಿದ ಹಾಲು ಒಂದು ಲೀಟರ್, ಎಣ್ಣೆ ಎರಡು ದೊಡ್ಡ ಚಮಚ, ಬೇಯಿಸಿ ರುಬ್ಬಿದ ಎರಡು ಮೊಟ್ಟೆಯ ಬಿಳಿ ಸೇರಿದರೆ 1500 ಕ್ಯಾಲರಿ, 60 ಗ್ರಾಂ ಪ್ರೋಟೀನ್ ಹತ್ತಿರ ಬರುತ್ತದೆ. ಇದು ಒಂದು ದಿನದ ಲೆಕ್ಕ. ಫ್ರಿಜ್ ಇಲ್ಲದ ಮನೆಯಲ್ಲಿ ಎರಡು ಸಲಕ್ಕೆ ಹಂಚಿ ಮಾಡಿ. ಶುಗರ್ ಇದ್ದವರಿಗೆ ಬೆಲ್ಲ ಸೇರಿಸುವುದು ಬೇಡ, ಡೆಕ್ಸಾ (ಕೀಮೋ ಜೊತೆ ಕೊಡುವ, ಶುಗರ್ ಏರಿಸುವ ಸ್ಟೀರಾಯ್ಡ್) ಕೊಟ್ಟ ದಿನ ಶುಗರ್ ನೋಡದೆ ಬಿಡಬೇಡಿ.

200 ಎಂ.ಎಲ್.ನಂತೆ ಎಂಟು ಸಲ, ಪ್ರತಿ ಸಲ ಪೈಪು ಜರುಗಿಲ್ಲವೆಂದು ಅದರ ಮೇಲಿನ ಗುರುತು ನೋಡಿ, ಗಂಜಿಗೆ ಮೊದಲೂ ಆಮೇಲೂ 30 ಎಂ.ಎಲ್. ನೀರು. ಇದಲ್ಲದೆ ಒಂದು ಲೀಟರ್ ನೀರು ಬೇರೆ ಹೋಗಬೇಕು. ಕೊಟ್ಟ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ನಡುವೆ ಹುರುಳಿ ಕಟ್ಟನ್ನೂ ಕೊಟ್ಟು ನೋಡಿದೆ; ಹೊಟ್ಟೆ ಉಬ್ಬರಿಸಿ ಕೈಬಿಟ್ಟೆ. ಕಟ್ಟಿದ ಪೈಪಿಗೆ ಕೋಲಾ ಹಾಕುವ ರೂಢಿ ಕೆಲವೆಡೆ ಇದೆ. ಹುಳಿಗೆ ಹಾಲು ಒಡೆದು ಇನ್ನಷ್ಟು ಬಿಗಿಯಾಗುತ್ತದೆ. ಉಗುರು ಬೆಚ್ಚಗಿನ ನೀರನ್ನು ಮೆಲ್ಲಗೆ ತಳ್ಳಿ, ಎಳೆದು, ತಳ್ಳಿ, ಬಿಡುತ್ತದೆ.

ಈಗ ತೂಕ ಎರಡು ಮೂರು ಕೆ.ಜಿ.ಗಿಂತ ಹೆಚ್ಚು ಇಳಿಯುವುದು ಅಪರೂಪ. ಒಂದು ಮಾತ್ರ ಮರೆಯಬೇಡಿ: ಕೆಮ್ಮು ಬರದಿದ್ದರೆ ಪೈಪು ಇದ್ದಾಗಲೂ ದಿನಕ್ಕೆ ಐದಾರು ಸಲ ಒಂದೊಂದು ಗುಟುಕು ನೀರು ನುಂಗಿಸಿ, ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಬಾಯಿ ಬಿಗಿಯದಂತೆ ತೆರೆಸಿ. ಇಲ್ಲದಿದ್ದರೆ ಪೈಪು ತೆಗೆದ ದಿನ ಗಂಟಲು ನುಂಗುವುದನ್ನೇ ಮರೆತಿರುತ್ತದೆ.