ರಾತ್ರಿ ಆಟಕ್ಕೆ ಸದ್ದಿಲ್ಲದ ಕಂಟ್ರೋಲರ್
ಮಗು ಮಲಗಿದ ಮೇಲೆ ಕಂಟ್ರೋಲರ್ ಹಿಡಿದು ವಿಡಿಯೋ ಗೇಮ್ ಆಟಕ್ಕೆ ಕೂತರೆ ಹೆಂಡತಿಯದು ಒಂದೇ ಮಾತು: "ಏನ್ರೀ ಅದು ಟಕಟಕ, ಅಡಿಕೆ ಕತ್ತರಿಸ್ತಿದೀರಾ?" ಹೆಡ್‌ಫೋನ್ ಹಾಕಿದ್ದ ನನಗೆ ಅದು ಕೇಳಿಸಿಯೇ ಇರಲಿಲ್ಲ.

ವೈಬ್ರೇಶನ್ ಆಫ್ ಮಾಡಿದೆ. ಗುಂಯ್ ಅನ್ನೋದು ನಿಂತಿತು, ಟಕಟಕ ಉಳಿಯಿತು. ಹಳೇ ಕಂಟ್ರೋಲರಿನ ಗುಂಡಿಗಳ ಅಡಿ ಇದ್ದದ್ದು ಮೌಸ್‌ನಲ್ಲಿರುವಂಥ ಮೈಕ್ರೋಸ್ವಿಚ್. ಒತ್ತಿದಾಗ ಒಳಗಿನ ಲೋಹದ ಪಟ್ಟಿ ಛಕ್ಕನೆ ಹಾರಿ ಕೂರುತ್ತದೆ, ಸದ್ದು ಅದರದ್ದೇ. ಟವೆಲ್ ಸುತ್ತಿದರೂ ಹೋಗಲ್ಲ (ಮಾಡಿ ನೋಡಿದ್ದೇನೆ, ನಗಬೇಡಿ).

ಬೇಕಿದ್ದದ್ದು ರಬ್ಬರ್ ಮೆಂಬ್ರೇನ್, ಟಿವಿ ರಿಮೋಟಿನ ಗುಂಡಿಯ ಹಾಗೆ ಮೆತ್ತಗೆ. ಅಂಥ ಗುಂಡಿಗಳೇ ಇರುವ, ಗೆಳೆಯನ ಬಳಿಯಿದ್ದ ಪ್ಲೇಸ್ಟೇಷನ್ 4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4 ತಂದು ಯುಎಸ್‌ಬಿಯಲ್ಲಿ ಪಿಸಿಗೆ ಜೋಡಿಸಿದೆ, ಆಟಗಳನ್ನು ನಡೆಸುವ ಸ್ಟೀಮ್ ಆ್ಯಪ್ ತಕ್ಷಣ ಗುರುತಿಸಿತು. ನೀವು ಕೊಳ್ಳುವುದಾದರೆ, ವಿವರದಲ್ಲಿ "ಮೆಕ್ಯಾನಿಕಲ್ ಬಟನ್" ಅಂತ ಬರೆದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ತೋರುಬೆರಳು ಕೂರುವ ಮೇಲಂಚಿನ ಗುಂಡಿಗಳನ್ನೂ ಒತ್ತಿ, ಸದ್ದು ಬರುತ್ತದಾ ನೋಡಿ.

ಈಗ ಉಳಿದಿರುವುದು ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ ಅಂಚಿಗೆ ಬಡಿಯುವ ಸಣ್ಣ ಸದ್ದು. ಅದು ನಿಧಾನವಾಗಿ ಆಡಿದರೆ ಕೇಳಲ್ಲ, ಸೋಲುವಾಗ ಮಾತ್ರ ಕೇಳುತ್ತದೆ.