ಹಳೆ ಕಾರಿನ ಬೇರಿಂಗ್: ಪಾರ್ಟ್ ನಂಬರ್ ಬಿಡಿ, ಬೇರಿಂಗ್ ನಂಬರ್ ಓದಿ

ಹಳೆಯ ಸ್ಪೋರ್ಟ್ಸ್ ಕಾರಿಗೆ ಬೇರಿಂಗ್ ಅಥವಾ ಆಯಿಲ್ ಸೀಲ್ ಬೇಕಾದರೆ ಕಾರು ಕಂಪನಿಯ ಪಾರ್ಟ್ ನಂಬರ್ ಹಿಡಿದು ಹುಡುಕಬೇಡಿ. ಬಿಚ್ಚಿದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ರಿಂಗಿನ ಬದಿಯಲ್ಲಿ ಕೊರೆದ ನಂಬರ್ ಓದಿ, ಅದನ್ನೇ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಕಾರು ಕಂಪನಿಗಳು ಸಾಮಾನ್ಯವಾಗಿ ಬೇರಿಂಗ್ ತಾವೇ ಮಾಡುವುದಿಲ್ಲ. ಹೊರಗಿನಿಂದ ತರಿಸಿ ತಮ್ಮ ಡಬ್ಬಿಗೆ ಹಾಕುತ್ತವೆ. ನಾವು ಜಾಸ್ತಿ ದುಡ್ಡು ಕೊಡುವುದು ಆ ಡಬ್ಬಿಗೇ ಅಲ್ವಾ! 6205 ಎಂದಿದ್ದರೆ ಒಳಗಿನ ವ್ಯಾಸ 25, ಹೊರಗಿನದು 52, ದಪ್ಪ 15 ಮಿ.ಮೀ. ಯಾರು ಮಾಡಿದರೂ ಅಷ್ಟೇ. ನಂಬರಿನ ಕೊನೆಯಲ್ಲಿ ಸಿ3 (C3) ಎಂದಿದ್ದರೆ ಅದನ್ನೂ ಬರೆದುಕೊಳ್ಳಿ, ಅದರಲ್ಲಿ ಒಳಗಿನ ಸಡಿಲ ಸ್ವಲ್ಪ ಹೆಚ್ಚು. ಸೀಲಿಗೂ ಇವೇ ಮೂರು ಅಳತೆ. ನಮ್ಮ ಕಾಸರಗೋಡಿನ ಉಪ್ಪುಗಾಳಿಗೆ ತುಕ್ಕು ಹಿಡಿದು ನಂಬರ್ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಇಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ. ನಂಬರ್ ನೋಡಿ ಕೊಳ್ಳುವ ಈ ಉಪಾಯ ಎಲ್ಲದಕ್ಕೂ ನಡೆಯುವುದಿಲ್ಲ. ಎಂಜಿ, ಟ್ರಯಂಫ್‌ನಂಥ ಹಳೆ ಬ್ರಿಟಿಷ್ ಕಾರುಗಳಲ್ಲಿ ಇಂಚಿನ ಅಳತೆಯ ಬೇರಿಂಗ್ ಇರಬಹುದು, ಹತ್ತಿರದ ಮಿ.ಮೀ. ಸೈಜ್ ತಂದು ಬಡಿದು ಕೂರಿಸಬೇಡಿ. ಒಂದೇ ಮಾಡೆಲಿಗೆಂದು ಮಾಡಿಸಿದ ಬೇರಿಂಗಿಗೆ ಡಬ್ಬಿಯ ಬೆಲೆ ಕೊಡಲೇಬೇಕು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಸೀಲಿಗೆ ಅಳತೆ ಸರಿಯಾದರೆ ಸಾಲದು, ರಬ್ಬರ್ ಯಾವುದು, ತಿರುಗುವ ದಿಕ್ಕಿನ ಬಾಣ ಎತ್ತ ಎಂಬುದನ್ನೂ ಹಳೆಯದರ ಜೊತೆ ಹೋಲಿಸಿ. ಬಿಸಿ ತಡೆಯುವ ವೈಟಾನ್ (Viton) ರಬ್ಬರ್ ಇದ್ದ ಜಾಗಕ್ಕೆ ಅಗ್ಗದ ನೈಟ್ರೈಲ್ ರಬ್ಬರ್ ಹಾಕಿದರೆ ಬಿಸಿಗೆ ಗಟ್ಟಿಯಾಗಿ ಎಣ್ಣೆ ಸೋರುತ್ತದೆ. ಹಳೆ ಬೇರಿಂಗ್ ಸುಮ್ನೆ ಗುಜರಿಗೆ ಹಾಕಬೇಡಿ, ಹೊಸದು ಕೈಗೆ ಬರುವವರೆಗೆ ಇಟ್ಟುಕೊಳ್ಳಿ.